ಒಂದೇ ಫೋನ್, ಇಡೀ ತರಗತಿಯ ಉತ್ತರ

ಪ್ರಶ್ನೆ: ನಮ್ಮ ಶಾಲೆಯಲ್ಲಿ ಸ್ಮಾರ್ಟ್ ಬೋರ್ಡ್ ಇಲ್ಲ, ಮಕ್ಕಳ ಬಳಿ ಮೊಬೈಲ್ ಇಲ್ಲ. ನನ್ನ ಫೋನೊಂದರಿಂದ ಏನು ಮಾಡಬಹುದು? – ಪ್ರೌಢಶಾಲಾ ಶಿಕ್ಷಕಿ

ಉತ್ತರ: ಮೇಡಂ, ಆ ಫೋನನ್ನು ವಿಡಿಯೊ ತೋರಿಸುವುದಕ್ಕಿಂತ ಪ್ರಶ್ನೆ ಕೇಳುವುದಕ್ಕೆ ಬಳಸಿ. ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಓದಿದ್ದನ್ನು ನೆನಪಿಸಿಕೊಂಡು ಬರೆದವರಿಗೆ ವಾರದ ನಂತರ ಹೆಚ್ಚು ನೆನಪಿರುತ್ತದೆ ಎಂಬುದನ್ನು ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರ ಅಧ್ಯಯನದಲ್ಲಿ ತೋರಿಸಿದ್ದಾರೆ. ಇದಕ್ಕೆ ಪ್ಲಿಕರ್ಸ್ ಆ್ಯಪ್ ಅನುಕೂಲ. ಪ್ರತಿ ಮಗುವಿಗೂ ಒಂದು ಮುದ್ರಿತ ಕಾರ್ಡ್ ಕೊಡಿ, ಪ್ರಶ್ನೆಯನ್ನು ಆಯ್ಕೆಗಳ ಸಮೇತ ಕರಿಹಲಗೆಯ ಮೇಲೆ ಬರೆಯಿರಿ. ಮಕ್ಕಳು ತಮ್ಮ ಉತ್ತರಕ್ಕೆ ತಕ್ಕಂತೆ ಕಾರ್ಡನ್ನು ತಿರುಗಿಸಿ ಹಿಡಿದರೆ, ನಿಮ್ಮ ಫೋನಿನ ಕ್ಯಾಮೆರಾ ಎಲ್ಲರ ಉತ್ತರವನ್ನೂ ಓದಿಕೊಳ್ಳುತ್ತದೆ.

ಕೈ ಎತ್ತಿಸಿದರೆ ಸಾಲದೇ ಎಂದು ನೀವು ಕೇಳಬಹುದು. ಕೈ ಎತ್ತುವವರು ಹೆಚ್ಚಾಗಿ ಅದೇ ನಾಲ್ಕಾರು ಮಕ್ಕಳು. ಉಳಿದವರು ಅವರನ್ನು ನೋಡಿ ಎತ್ತುತ್ತಾರೆ. ಇಲ್ಲಿ ಪ್ರತಿ ಕಾರ್ಡಿನ ಗುರುತೂ ಬೇರೆಯಾದ್ದರಿಂದ ಪಕ್ಕದವರ ಉತ್ತರ ಸುಲಭಕ್ಕೆ ತಿಳಿಯದು, ಹಿಂದಿನ ಬೆಂಚಿನ ಮೌನಿಯೂ ಉತ್ತರಿಸುತ್ತಾನೆ. ಸಿಲೆಬಸ್ ಹಿಂದೆ ಬೀಳುತ್ತದೆ ಎಂಬ ಆತಂಕವೂ ಬೇಡ. ಯಾವುದು ಅರ್ಥವಾಗಿಲ್ಲ ಎಂದು ಅಂದೇ ತಿಳಿದರೆ ಅಷ್ಟನ್ನೇ ಮತ್ತೆ ವಿವರಿಸಿದರಾಯಿತು. ಆಯ್ಕೆಯ ಪ್ರಶ್ನೆಗಳಿಂದ ಬರವಣಿಗೆಯನ್ನು ಅಳೆಯಲಾಗದು, ನಿಜ. ಅದಕ್ಕೆ ನೋಟ್‌ಬುಕ್ ತಿದ್ದಲೇಬೇಕು. ನಾಳೆಯ ಪಾಠದ ಕೊನೆಗೆ ಎರಡೇ ಪ್ರಶ್ನೆಗಳಿಂದ ಆರಂಭಿಸಿ.