ಭಟ್ಟಿಯಿಲ್ಲದೆ ಇಟ್ಟಿಗೆ, ಯೂರಿಯಾ ಒಡೆಯುವ ಬ್ಯಾಕ್ಟೀರಿಯಾದಿಂದ?

ಪ್ರಶ್ನೆ: ನಮ್ಮ ಸುತ್ತ ಇಟ್ಟಿಗೆ ಭಟ್ಟಿಗಳಿವೆ. ಯೂರಿಯಾ ಒಡೆಯುವ ಜೀನನ್ನು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಎರವಲು ತಂದರೆ ಸುಡದೆಯೇ ಇಟ್ಟಿಗೆ ಮಾಡಬಹುದು ಅಂತ ಬೆಳಗಾವಿಯಲ್ಲಿ ಓದುವ ಮಗ ಹೇಳುತ್ತಾನೆ. ಹೌದೇ?
– ಓದುಗರು, ಖಾನಾಪುರ

ಉತ್ತರ: ಸುಡದೆ ಇಟ್ಟಿಗೆ ಮಾಡಬಹುದು ಎನ್ನುವುದು ಖರೆ. ಆದರೆ ಅದಕ್ಕೆ ಎರವಲು ಜೀನ್ ಬೇಕೇಬೇಕು ಅಂತೇನಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಲೋಕ್ ಕುಮಾರ್ ಮತ್ತು ಸಂಗಡಿಗರು ಇಸ್ರೋ ಜೊತೆಗೂಡಿ, ಚಂದ್ರನ ಮಣ್ಣನ್ನು ಹೋಲುವ ಪುಡಿಯಿಂದ ಇಂಥ ಇಟ್ಟಿಗೆ ಮಾಡಿ 2020ರಲ್ಲಿ ತೋರಿಸಿದರು. ಅವರು ಬಳಸಿದ್ದು ಸ್ಪೊರೊಸಾರ್ಸಿನಾ ಪಾಶ್ಚುರಿ ಎಂಬ ಮಣ್ಣಿನ ಬ್ಯಾಕ್ಟೀರಿಯಾ. ಯೂರಿಯಾ ಒಡೆಯುವುದು ಅದರ ಹುಟ್ಟುಗುಣ. ಅದು ತಯಾರಿಸುವ ಯೂರಿಯೇಸ್ ಎಂಬ ಕಿಣ್ವ ಯೂರಿಯಾವನ್ನು ಅಮೋನಿಯಾ ಮತ್ತು ಕಾರ್ಬೊನೇಟ್ ಆಗಿ ಒಡೆಯುತ್ತದೆ. ಪಕ್ಕದಲ್ಲಿ ಕ್ಯಾಲ್ಸಿಯಂ ಇದ್ದರೆ ಕಾರ್ಬೊನೇಟ್ ಅದರೊಡನೆ ಕೂಡಿ ಸುಣ್ಣಕಲ್ಲಿನ ಹರಳಾಗಿ ಮಣ್ಣಿನ ಕಣಗಳನ್ನು ಬಿಗಿಯುತ್ತದೆ. ಬಿಗಿ ಇನ್ನಷ್ಟು ಬರಲೆಂದು ಅವರು ಸೇರಿಸಿದ್ದು ನಮ್ಮ ಚವಳಿಕಾಯಿ ಬೀಜದ ಅಂಟು.

ಇನ್ನು ಎರವಲಿನ ಮಾತು. ಇ. ಕೊಲೈ ಎಂಬ ಬ್ಯಾಕ್ಟೀರಿಯಾಕ್ಕೆ ಸಾಮಾನ್ಯವಾಗಿ ಯೂರಿಯಾ ಒಡೆಯಲು ಬರುವುದಿಲ್ಲ. ಪ್ರಯೋಗಾಲಯದಲ್ಲಿ ಯೂರಿಯಾ ಮತ್ತು ಬಣ್ಣಸೂಚಕ ಬೆರೆಸಿದ ಅಗಾರ್ ಲೋಳೆಯ ಮೇಲೆ ಯೂರಿಯಾ ಒಡೆಯಬಲ್ಲ ಪ್ರೋಟಿಯಸ್ ಬ್ಯಾಕ್ಟೀರಿಯಾ ಬೆಳೆಸಿದರೆ ಬಣ್ಣ ಬೇಗ ಗುಲಾಬಿಗೆ ತಿರುಗುತ್ತದೆ, ಇ. ಕೊಲೈ ಬೆಳೆಸಿದರೆ ತಿರುಗದು. ನಿಮ್ಮ ಮಗ ಜೀವಶಾಸ್ತ್ರ ಓದುತ್ತಿದ್ದರೆ ಈ ಪರೀಕ್ಷೆಯನ್ನು ಖಂಡಿತ ಕಣ್ಣಾರೆ ನೋಡಲಿ. ಇಂಥ ಇ. ಕೊಲೈಗೆ ಪಾಶ್ಚುರಿಯ ಯೂರಿಯೇಸ್ ಜೀನ್‌ಗಳನ್ನು ಸೇರಿಸಿ, ಅದೂ ಸುಣ್ಣಕಲ್ಲಿನ ಹರಳು ಕಟ್ಟುವಂತೆ ಮಾಡಿದ ಸಂಶೋಧನೆ 2002ರಲ್ಲೇ ಪ್ರಕಟವಾಗಿದೆ. ಆದರೆ "ಒಂದು ಜೀನ್" ಸಾಲದು. ಕಿಣ್ವದ ಮೈ ಕಟ್ಟಲು ಮೂರು ಜೀನ್ ಬೇಕು. ಅದರ ನಡುವೆ ನಿಕ್ಕಲ್ ಪರಮಾಣುಗಳನ್ನು ಕೂರಿಸಲು ಬೇರೆ ಸಹಾಯಕ ಜೀನ್‌ಗಳೂ ಬರಬೇಕು. ನಿಕ್ಕಲ್ ಕೂರದ ಯೂರಿಯೇಸ್ ಕುಳವಿಲ್ಲದ ನೇಗಿಲು. ಹೀಗೆ ಇಡೀ ಗುಂಪನ್ನೇ ಕೊಡುಕೊಳ್ಳುವುದನ್ನು ನಿಸರ್ಗವೂ ಬಲ್ಲದು: ಪ್ರೊವಿಡೆನ್ಸಿಯಾ ಸ್ಟುವರ್ಟಿ ಎಂಬ ಬ್ಯಾಕ್ಟೀರಿಯಾದಲ್ಲಿ ಈ ಜೀನ್‌ಗಳಿರುವುದು ಜೀವಕೋಶದಿಂದ ಜೀವಕೋಶಕ್ಕೆ ದಾಟಬಲ್ಲ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದ ಮೇಲೆ.

ನನಗೆ ನಿಜವಾದ ಚಿಂತೆ ಅಮೋನಿಯಾದ್ದು. ಲೆಕ್ಕ ಸರಳ: 60 ಕಿಲೋ ಯೂರಿಯಾ ಒಡೆದರೆ ಹೆಚ್ಚೆಂದರೆ 100 ಕಿಲೋ ಸುಣ್ಣಕಲ್ಲು, ಜೊತೆಗೆ 34 ಕಿಲೋ ಅಮೋನಿಯಾ. ರೈತರು ತರುವ 45 ಕಿಲೋ ಚೀಲವೊಂದರಿಂದಲೇ ಇಪ್ಪತ್ತೈದು ಕಿಲೋಗಿಂತ ಹೆಚ್ಚು. ಅದರಲ್ಲಿ ಬಹುಪಾಲು ಅಮೋನಿಯಂ ಲವಣವಾಗಿ ನೀರಿನಲ್ಲೇ ಉಳಿಯುತ್ತದೆ. ಆ ನೀರು ಹಳ್ಳ ಸೇರಿದರೆ ಮೀನಿಗೆ ವಿಷ. ಮಲಪ್ರಭೆ ಹುಟ್ಟುವುದು ನಿಮ್ಮದೇ ತಾಲ್ಲೂಕಿನ ಕಣಕುಂಬಿಯಲ್ಲಿ. ಮೇಲ್ಭಾಗದಲ್ಲಿ ಬಿಟ್ಟ ನೀರು ಕೆಳಗಿನ ಊರುಗಳಿಗೆಲ್ಲ ಹರಿದು ಹೋಗುತ್ತದೆ. ಭಟ್ಟಿಯ ಹೊಗೆ ತಪ್ಪಿತೆಂದು ನದಿಗೆ ಅಮೋನಿಯಾ ಬಿಡುವುದನ್ನು ನಾನು ಒಪ್ಪಲಾರೆ.

ದಾರಿ ಇದೆ. ದಕ್ಷಿಣ ಆಫ್ರಿಕಾದ ಕೇಪ್ ಟೌನ್ ವಿಶ್ವವಿದ್ಯಾಲಯದವರು 2018ರಲ್ಲಿ ಮನುಷ್ಯರ ಮೂತ್ರದ ಯೂರಿಯಾದಿಂದಲೇ ಇಟ್ಟಿಗೆ ಬೆಳೆಸಿ, ಉಳಿಕೆಯಿಂದ ಗೊಬ್ಬರ ತೆಗೆಯುವ ಕ್ರಮವನ್ನೂ ಜೋಡಿಸಿದರು. ಖಾನಾಪುರದ ಮಣ್ಣಿನಲ್ಲಿ ಯಾರಾದರೂ ಪ್ರಯತ್ನಿಸುವುದಾದರೆ ಹುಟ್ಟುಗುಣದ ಬ್ಯಾಕ್ಟೀರಿಯಾದಿಂದಲೇ ಆರಂಭಿಸಲಿ. ಜೀನ್ ಸೇರಿಸಿದ್ದನ್ನು ಬಳಸುವುದಾದರೆ 1989ರ ಕೇಂದ್ರ ನಿಯಮಗಳ ಪ್ರಕಾರ ಅನುಮತಿ ಬೇಕು, ಅದನ್ನು ಭಟ್ಟಿಯ ಅಂಗಳಕ್ಕೆ ತಾವಾಗಿಯೇ ತಂದು ಸುರಿಯುವಂತಿಲ್ಲ.