ರೊಟ್ಟಿಗೆ ಎರಡು ರೂಪಾಯಿ ಕಡಿಮೆ ಮಾಡಿದರೆ

ಕೋಪನ್‌ಹೇಗನ್‌ನಲ್ಲಿ ಕೆಲಸದಲ್ಲಿರುವ ನಮ್ಮ ಅಕ್ಕನ ಮಗಳು ಶಿರಹಟ್ಟಿಯಿಂದ ಅಪ್ಪ-ಅವ್ವನನ್ನು ಕರೆಸಿಕೊಳ್ಳುತ್ತಿದ್ದಾಳೆ. ‘ಇಲ್ಲೆ ಒಂದು ದೊಡ್ಡ ಊಟಕ್ಕ ಕರಕೊಂಡು ಹೋಗಬೇಕಂತ ಮಾಡೇನಿ ಮಾಮಾ. ಒಬ್ಬರಿಗೆ ನಲವತ್ತು ಸಾವಿರ ಆಕ್ಕೈತಿ’ ಅಂದಳು. ಬಿಲ್ಲು ನಾನೇ ಕೊಡುತ್ತೇನೆಂದು ಭಾವ ಹಟ ಹಿಡಿದರು. ಗದಗಿನಲ್ಲಿ ತೆರಿಗೆ ಲೆಕ್ಕ ಬರೆಯುವ ನನ್ನ ಪಾಲಿಗೆ ಅದರ ಲೆಕ್ಕ ಬಂತು.

ಅಲ್ಲಿಯ ಟೇಸ್ಟಿಂಗ್ ಮೆನುವಿನಲ್ಲಿ ಉಣ್ಣುವವರು ಆರಿಸುವುದು ಏನೂ ಇಲ್ಲ. ಮೂರು ತಾಸು ಕೂತು, ಒಂದಾದ ಮೇಲೊಂದು ಬರುವ ತಟ್ಟೆಗಳಲ್ಲಿ ಎರಡೆರಡು ತುತ್ತು ತಿನ್ನಬೇಕು. ಕಾಡಿನ ಸೊಪ್ಪು, ಕಡಲ ಪಾಚಿ, ಹೀಗೆ ಸುತ್ತಲಿನ ನೆಲದಲ್ಲಿ ಆಯಾ ಕಾಲಕ್ಕೆ ಸಿಕ್ಕಿದ್ದೇ ಅಡುಗೆ. ಎಳ್ಳಮಾಸಿಗೆ ಲಕ್ಷ್ಮೇಶ್ವರದ ಎರಿ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿ ಪಲ್ಯ, ಹಕ್ಕರಕಿ ಉಂಡವರಿಗೆ ಆ ವಿಚಾರ ಹೊಸದಲ್ಲ. ಹೊಸದೆನಿಸುವುದು ಬೆಲೆ.

ಆ ಬೆಲೆ ಸೊಪ್ಪಿನದಲ್ಲ, ಕೈಗಳದು. ರೆನೆ ರೆಡ್ಜೆಪಿ 2003ರಲ್ಲಿ ಅದೇ ಊರಲ್ಲಿ ಶುರುಮಾಡಿದ ನೋಮಾ ಹೋಟೆಲಿನ ಕಥೆ ನೋಡಿ. ಜಗತ್ತಿನ ಅತ್ಯುತ್ತಮ ಎಂದು ಮತ್ತೆ ಮತ್ತೆ ಹೆಸರಾದ ಜಾಗ. ಅದರ ಅಡುಗೆಮನೆಯಲ್ಲಿ ಕಲಿಯಲು ಬಂದ ಹುಡುಗ-ಹುಡುಗಿಯರು ವರ್ಷಗಟ್ಟಲೆ ಸಂಬಳವಿಲ್ಲದೆ ದುಡಿದರು. 2022ರ ಅಕ್ಟೋಬರ್‌ನಿಂದ ಅವರಿಗೆ ಸಂಬಳ ಶುರುವಾಯಿತು. ತಿಂಗಳ ಖರ್ಚು 50,000 ಡಾಲರ್‌ನಷ್ಟು ಏರಿತು. 2023ರ ಜನವರಿಯಲ್ಲಿ, ಈ ರೀತಿಯಲ್ಲಿ ಹೋಟೆಲು ನಡೆಸುವುದು ಇನ್ನು ಸಾಧ್ಯವಿಲ್ಲ ಎಂದು ರೆಡ್ಜೆಪಿಯೇ ಹೇಳಿದರು. ಆಗ ಅಲ್ಲಿ ತಲೆಗೆ ಕಡಿಮೆಯೆಂದರೂ 500 ಡಾಲರ್. ಅಷ್ಟು ತೆಗೆದುಕೊಂಡರೂ ಕೈಗಳಿಗೆ ಸಾಲದೆ ಬಂತು.

ಇನ್ನು ನಮ್ಮ ಕಡೆ ಬರೋಣ. ಮನೆಯ ಕಾರ್ಯಕ್ಕೆಂದು ಬೆಟಗೇರಿಯ ಒಬ್ಬ ಹೆಣ್ಣುಮಗಳ ಹತ್ತಿರ ಮುನ್ನೂರು ರೊಟ್ಟಿ ಹೇಳಲು ಭಾವನ ಜೊತೆ ಹೋಗಿದ್ದೆ. ರೊಟ್ಟಿಗೆ ಹತ್ತು ರೂಪಾಯಿ ಅಂದರು. ‘ಎಂಟಕ್ಕ ಮಾಡ್ರಿ ಅಕ್ಕಾರ, ಮುನ್ನೂರು ತಗೋತೀವಲ್ಲ’ ಅಂದರು ಭಾವ. ಆಕೆ ಬಡಿಯುತ್ತಿದ್ದ ರೊಟ್ಟಿಯಿಂದ ಕೈ ತೆಗೆಯದೆಯೇ ಲೆಕ್ಕ ಒಪ್ಪಿಸಿದರು: ‘ಜ್ವಾಳಕ್ಕ ನಾಕು, ಬೀಸೋದಕ್ಕ, ಗ್ಯಾಸಿಗೆ ಕೂಡಿ ಎರಡು. ಉಳಿಯೂದು ನಾಕರೀ ಅಣ್ಣಾರ. ಅದರಾಗ ಎರಡು ನೀವು ಒಯ್ದರ ನನಗೇನು ಉಳೀತು?’

ಎರಡು ರೂಪಾಯಿ ನಮಗೆ ಶೇ 20ರ ರಿಯಾಯಿತಿ, ಆಕೆಗೆ ಕೂಲಿಯ ಅರ್ಧ. ಜೋಳದ ಅಂಗಡಿಯವನು ಬಿಡುವುದಿಲ್ಲ, ಸಿಲಿಂಡರಿನ ದರ ಇಳಿಯುವುದಿಲ್ಲ. ನಾವು ಕಡಿಮೆ ಮಾಡಿಸಿದ್ದೆಲ್ಲ ಹೋಗಿ ಬೀಳುವುದು ಕೂಲಿಯ ಮೇಲೆಯೇ. ಖಾನಾವಳಿಯ ಊಟ ಅಗ್ಗ ಎಂದು ಹೊಗಳುವಾಗಲೂ ಒಲೆಯ ಮುಂದೆ ಕೂತವರಿಗೆ ಅದರಲ್ಲಿ ಎಷ್ಟು ಸೇರುತ್ತದೆ ಎಂದು ಕೇಳಬೇಕು. ಕೋಪನ್‌ಹೇಗನ್ನಿನ ದರಪಟ್ಟಿಯ ಮುಂದೆ ಯಾರೂ ಚೌಕಾಸಿಗೆ ಇಳಿಯುವುದಿಲ್ಲ. ಬೆಟಗೇರಿಯಲ್ಲಿ ಮಾತ್ರ ಅದು ನಮ್ಮ ಹಕ್ಕು.

ಹಾಗಾದರೆ ಉಳಿತಾಯ ಎಲ್ಲಿ? ಭಾವನಿಗೆ ಬರೆದುಕೊಟ್ಟಿದ್ದು ಇಷ್ಟು. ಊಟದ ದುಡ್ಡು ಪ್ರವಾಸಕ್ಕೆ ತೆಗೆದಿಟ್ಟ ಗಂಟಿನಿಂದಲೇ ಬರಲಿ, ಠೇವಣಿ ಮುರಿಯುವುದು ಬೇಡ. ಇಂಥ ಬಹಳಷ್ಟು ಹೋಟೆಲುಗಳು ಮುಂಗಡವಾಗಿಯೇ ಪೂರ್ತಿ ಹಣ ಹಿಡಿಯುತ್ತವೆ. ಹೋಗಲಾಗದಿದ್ದರೆ ಹಣ ಮರಳುತ್ತದೆಯೇ, ಬೇರೆಯವರಿಗೆ ಆ ಜಾಗ ಕೊಡಬಹುದೇ ಎಂದು ಮೊದಲೇ ಓದಿಕೊಳ್ಳಿ. ಡೆನ್ಮಾರ್ಕಿನಲ್ಲಿ ಶೇ 25ರ ತೆರಿಗೆ ಮೆನುವಿನ ಬೆಲೆಯಲ್ಲೇ ಸೇರಿರುತ್ತದೆ, ಆದರೆ ಕುಡಿಯುವುದರ ಬೆಲೆ ಸಾಮಾನ್ಯವಾಗಿ ಬೇರೆ. ಕಾರ್ಡ್ ಯಂತ್ರ ‘ರೂಪಾಯಿಯೋ, ಕ್ರೋನರೋ?’ ಎಂದು ಕೇಳಿದರೆ ಕ್ರೋನರ್ ಒತ್ತಿ. ರೂಪಾಯಿ ಒತ್ತಿದರೆ ಅವರು ಹೇಳಿದ್ದೇ ದರ.

ಕೊನೆಯದು ಕಾರ್ಡಿನ ವಿನಿಮಯ ಶುಲ್ಕ. ನಮ್ಮ ಎಷ್ಟೋ ಕ್ರೆಡಿಟ್ ಕಾರ್ಡುಗಳಲ್ಲಿ ಅದು ಶೇ 3.5, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ. ಮೂವರ ಊಟಕ್ಕೆ 1,20,000 ರೂಪಾಯಿ ಹಿಡಿದರೆ ಶುಲ್ಕ 4,200, ತೆರಿಗೆ 756, ಒಟ್ಟು 4,956 ರೂಪಾಯಿ. ಈ ಶುಲ್ಕವಿಲ್ಲದ ಕಾರ್ಡುಗಳೂ ಇವೆ; ಹೊರಡುವ ಮೊದಲೇ ಒಂದನ್ನು ಮಾಡಿಸಿಕೊಂಡರೆ ಅಷ್ಟೂ ಉಳಿಯುತ್ತದೆ. ಬೆಟಗೇರಿಯಲ್ಲಿ ಅಷ್ಟು ಉಳಿಸಬೇಕೆಂದರೆ ಭಾವ 2,478 ರೊಟ್ಟಿಗೆ ಎರಡೆರಡು ರೂಪಾಯಿ ಚೌಕಾಸಿ ಮಾಡಬೇಕು.