ಗಾಜು ಶುಚಿಗೊಳಿಸುವ ಸ್ವಯಂ ಉದ್ಯೋಗಕ್ಕೆ ಹಳೆಯ ವ್ಯಾನಿನ ಆಯ್ಕೆ

ಪೀಠಿಕೆ

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್ ಮತ್ತು ದೆಹಲಿ ನಗರಗಳಲ್ಲಿ ಗಾಜಿನ ಹೊರಮೈಯುಳ್ಳ ಕಚೇರಿ, ಅಂಗಡಿ, ಆಸ್ಪತ್ರೆ ಹಾಗೂ ವಸತಿ ಸಂಕೀರ್ಣಗಳು ಹೆಚ್ಚಿವೆ. ಅವುಗಳ ಕಿಟಕಿಗಳನ್ನು ನಿಯತಕಾಲದಲ್ಲಿ ಶುಚಿಗೊಳಿಸುವುದು ಇಬ್ಬರು ಮೂವರು ಸೇರಿ ನಡೆಸಬಹುದಾದ ಸ್ವತಂತ್ರ ಉದ್ಯೋಗವಾಗಿದೆ. ಏಣಿ, ಬಕೆಟ್ ಮತ್ತು ಉದ್ದ ಹಿಡಿಯ ಬ್ರಷ್‌ಗಳನ್ನು ದ್ವಿಚಕ್ರ ವಾಹನದಲ್ಲಿ ಒಯ್ಯುವ ಹಂತ ದಾಟಿದ ಮೇಲೆ ವ್ಯಾನೊಂದರ ಅವಶ್ಯಕತೆ ಉಂಟಾಗುತ್ತದೆ. ಹೊಸ ವಾಹನಕ್ಕೆ ಬಂಡವಾಳ ಸಾಲದವರು ಹಳೆಯ ವಾಹನವನ್ನು ಕೊಳ್ಳುವುದು ಸಹಜವೇ. ಆದರೆ ಅನೇಕ ವರ್ಷಗಳ ಉಳಿತಾಯವು ಈ ಒಂದೇ ವ್ಯವಹಾರದಲ್ಲಿ ತೊಡಗುವುದರಿಂದ ವಿವೇಚನೆ ಅತ್ಯವಶ್ಯಕ.

ಕೊಳ್ಳುವವರು ಸಾಮಾನ್ಯವಾಗಿ ಮೊದಲು ಬೆಲೆಯನ್ನು ಕೇಳುತ್ತಾರೆ, ಬಳಿಕ ಬಣ್ಣವನ್ನೂ ಎಂಜಿನ್ನನ್ನೂ ನೋಡುತ್ತಾರೆ. ದಾಖಲೆಗಳನ್ನು ಕೊನೆಗೆ ಕೇಳುತ್ತಾರೆ. ಹೊರೆಯ ಲೆಕ್ಕವನ್ನು ಹಾಕುವುದೇ ಇಲ್ಲ. ಈ ಕ್ರಮವು ತಿರುಗುಮುರುಗಾಗಿದೆ. ಮೊದಲು ಹೊರೆ, ಎರಡನೆಯದಾಗಿ ದಾಖಲೆ, ಮೂರನೆಯದಾಗಿ ವಾಹನದ ಸ್ಥಿತಿ, ಕಡೆಗೆ ಬೆಲೆ: ಇದೇ ಸರಿಯಾದ ಕ್ರಮ. ಈ ಪಾಠದಲ್ಲಿ ಅದೇ ಅನುಕ್ರಮವನ್ನು ಅನುಸರಿಸಲಾಗಿದೆ.

1. ಹೊರೆಯ ಲೆಕ್ಕ

ಕೊಳವೆ ಬಾವಿಯ ಗಡಸು ನೀರಿನಿಂದ ಗಾಜನ್ನು ತೊಳೆದರೆ, ನೀರು ಆರಿದ ಮೇಲೆ ಲವಣಗಳ ಬಿಳಿ ಕಲೆಗಳು ಉಳಿಯುತ್ತವೆ. ಆದ್ದರಿಂದ ಅನೇಕರು ಶುದ್ಧೀಕರಿಸಿದ ನೀರನ್ನು ತಮ್ಮೊಡನೆಯೇ ಒಯ್ಯುತ್ತಾರೆ. ಈ ಉದ್ಯೋಗದಲ್ಲಿ ವ್ಯಾನಿನ ಮುಖ್ಯ ಹೊರೆ ನೀರೇ ಎಂಬುದನ್ನು ಮರೆಯಲಾಗದು. ಒಂದು ಲೀಟರ್ ನೀರು ಒಂದು ಕಿಲೋಗ್ರಾಂ ತೂಗುತ್ತದೆ.

ಉದಾಹರಣೆಗೆ, 300 ಲೀಟರ್ ತೊಟ್ಟಿಯ ನೀರು 300 ಕಿ.ಗ್ರಾಂ; ತೊಟ್ಟಿ, ಪಂಪು, ಬ್ಯಾಟರಿ ಮತ್ತು ಕೊಳವೆಗಳು 60 ಕಿ.ಗ್ರಾಂ; ಏಣಿ ಮತ್ತು ಇತರ ಸಲಕರಣೆಗಳು 40 ಕಿ.ಗ್ರಾಂ, ಇಬ್ಬರು ಕೆಲಸಗಾರರು 130 ಕಿ.ಗ್ರಾಂ ಎಂದು ಭಾವಿಸಿದರೆ, ಒಟ್ಟು ಹೊರೆ 530 ಕಿ.ಗ್ರಾಂ ಆಗುತ್ತದೆ. ಸರಕು ವಾಹನದ ನೋಂದಣಿ ಪ್ರಮಾಣಪತ್ರದಲ್ಲಿ ಒಟ್ಟು ತೂಕ ಹಾಗೂ ಬರಿ ತೂಕ ಇವೆರಡೂ ನಮೂದಾಗಿರುತ್ತವೆ. ಮೊದಲನೆಯದರಿಂದ ಎರಡನೆಯದನ್ನು ಕಳೆದಾಗ ಬರುವ ಅಂಕಿಗಿಂತ ನಿಮ್ಮ ಹೊರೆಯು ಕಡಿಮೆ ಇರತಕ್ಕದ್ದು.

ಅರ್ಧ ತುಂಬಿದ ತೊಟ್ಟಿಯು ತುಂಬಿದ ತೊಟ್ಟಿಗಿಂತ ಹಗುರವಾದರೂ ಅದರಲ್ಲಿ ಬೇರೊಂದು ಅಪಾಯವಿದೆ. ಬ್ರೇಕ್ ಹಾಕಿದಾಗ ನೀರು ಮುಂದಕ್ಕೆ ನುಗ್ಗುತ್ತದೆ, ತಿರುವಿನಲ್ಲಿ ಒಂದು ಪಕ್ಕಕ್ಕೆ ಸರಿಯುತ್ತದೆ. ಒಳಗೆ ಅಡ್ಡತಡೆಗಳಿರುವ ತೊಟ್ಟಿಯನ್ನು ಆರಿಸಿ, ಅದನ್ನು ವಾಹನದ ಚೌಕಟ್ಟಿಗೆ ಭದ್ರವಾಗಿ ಬಿಗಿಯುವುದು ಅವಶ್ಯ. ಬರಿಯ ಹಗ್ಗದ ಕಟ್ಟು ಸಾಲದು.

2. ವ್ಯಾನಿನ ಬಗೆ

ಹಳೆಯ ವಾಹನಗಳ ಮಾರುಕಟ್ಟೆಯಲ್ಲಿ ಈ ಕೆಲಸಕ್ಕೆ ಮುಖ್ಯವಾಗಿ ಮೂರು ವಾಹನಗಳು ಕಂಡುಬರುತ್ತವೆ.

(ಅ) ಮಾರುತಿ ಓಮ್ನಿ: 796 ಸಿ.ಸಿ. ಎಂಜಿನ್‌ನ ಸಣ್ಣ ವ್ಯಾನ್. ಕಿರಿದಾದ ಗಲ್ಲಿಗಳಿಗೆ ಅನುಕೂಲ. ಇದರ ತಯಾರಿಕೆಯು 2019ರಲ್ಲಿ ನಿಂತಿತು. ದೊಡ್ಡ ನೀರಿನ ತೊಟ್ಟಿಗಿಂತ ಬಕೆಟ್ ಹಾಗೂ ಏಣಿಯ ಕೆಲಸಕ್ಕೆ ಇದು ಸೂಕ್ತ.

(ಆ) ಮಾರುತಿ ಈಕೋ: 2010ರಿಂದ ದೊರೆಯುತ್ತಿದ್ದು, ಸುಮಾರು 1,200 ಸಿ.ಸಿ. ಎಂಜಿನ್ ಹೊಂದಿದೆ. ಸರಕು ಸಾಗಣೆಗೆಂದೇ ತಯಾರಾದ ಮಾದರಿಯೂ ಇದೆ. ಸಿ.ಎನ್.ಜಿ. ವಾಹನವಾದರೆ ಸಿಲಿಂಡರು ಹಿಂಭಾಗದ ಜಾಗವನ್ನು ಎಷ್ಟು ಕಬಳಿಸಿದೆ ಎಂಬುದನ್ನು ಅಳೆದು ನೋಡಬೇಕು.

(ಇ) ಟಾಟಾ ಏಸ್: 2005ರಲ್ಲಿ ಬಂದ ಸಣ್ಣ ಸರಕು ವಾಹನ. ಹಿಂಭಾಗ ತೆರೆದಿರುವುದರಿಂದ ಉದ್ದನೆಯ ಏಣಿಗೂ ತೊಟ್ಟಿಗೂ ಅನುಕೂಲ. ಆದರೆ ಸಲಕರಣೆಗಳನ್ನು ಕಳ್ಳತನ ಹಾಗೂ ಮಳೆಯಿಂದ ಕಾಪಾಡಲು ಮುಚ್ಚುಗೆ ಬೇಕಾಗುತ್ತದೆ.

ಸ್ವಂತ ಬಳಕೆಗೆಂದು ಬಿಳಿ ಫಲಕದಡಿ ನೋಂದಣಿಯಾದ ಪ್ರಯಾಣಿಕ ವ್ಯಾನಿನ ಆಸನಗಳನ್ನು ತೆಗೆದು ತೊಟ್ಟಿ ಕೂರಿಸುವುದು ಕೆಲವರ ರೂಢಿ. ಮೋಟಾರು ವಾಹನಗಳ ಅಧಿನಿಯಮ, 1988ರ 52ನೆಯ ಪ್ರಕರಣವು ಇಂತಹ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ. ಸರಕು ವಾಹನವೆಂದೇ ನೋಂದಣಿಯಾದುದನ್ನು ಕೊಳ್ಳುವುದು ಲೇಸು. ಒಟ್ಟು ತೂಕ 3,000 ಕಿ.ಗ್ರಾಂ ಮೀರದ ಸರಕು ವಾಹನಕ್ಕೆ ಸದರಿ ಅಧಿನಿಯಮದ 66ನೆಯ ಪ್ರಕರಣದಂತೆ ಪರವಾನಗಿ ಬೇಕಿಲ್ಲ. ಆದರೆ ಜನರು ಎಫ್.ಸಿ. ಎಂದು ಕರೆಯುವ ಸುಸ್ಥಿತಿ ಪ್ರಮಾಣಪತ್ರವು ಬೇಕೇ ಬೇಕು. ಇದನ್ನು ವಾಹನಕ್ಕೆ ಎಂಟು ವರ್ಷವಾಗುವವರೆಗೆ ಎರಡು ವರ್ಷಕ್ಕೊಮ್ಮೆ, ಆನಂತರ ವರ್ಷಕ್ಕೊಮ್ಮೆ ನವೀಕರಿಸಬೇಕು.

3. ದಾಖಲೆಗಳ ಪರಿಶೀಲನೆ

ಮುಂಗಡ ಹಣ ಕೊಡುವ ಮೊದಲೇ ಕೆಳಕಂಡ ಅಂಶಗಳನ್ನು ಖಚಿತಪಡಿಸಿಕೊಳ್ಳಿ.

(ಅ) ನೋಂದಣಿ ಪ್ರಮಾಣಪತ್ರದಲ್ಲಿರುವ ಹೆಸರು ಮಾರುವವರದೇ ಆಗಿರಬೇಕು. ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳನ್ನು ವಾಹನದ ಮೇಲೆ ಕೊರೆದಿರುವ ಸಂಖ್ಯೆಗಳೊಡನೆ ಅಕ್ಷರಶಃ ಹೋಲಿಸಿ ನೋಡಬೇಕು.

(ಆ) ಪ್ರಮಾಣಪತ್ರದಲ್ಲಿ ಬ್ಯಾಂಕಿನ ಸಾಲದ ನಮೂದಿದ್ದರೆ, ಅದು ತೀರಿದೆಯೆಂಬ ಬಾಯಿಮಾತನ್ನು ನಂಬಬಾರದು. ಸಾಲ ತೀರಿದ ಬಗ್ಗೆ ನಮೂನೆ 35 ಮತ್ತು ಬ್ಯಾಂಕಿನ ಪತ್ರ ಎರಡನ್ನೂ ಪಡೆಯಬೇಕು.

(ಇ) ವಿಮೆ, ಹೊಗೆ ತಪಾಸಣಾ ಪತ್ರ, ಎಫ್.ಸಿ. ಹಾಗೂ ತೆರಿಗೆ ಚಾಲ್ತಿಯಲ್ಲಿವೆಯೇ, ಸಂಚಾರ ದಂಡದ ಬಾಕಿ ಇದೆಯೇ ಎಂಬುದನ್ನು ಸಾರಿಗೆ ಸಚಿವಾಲಯದ ಪರಿವಾಹನ್ ಜಾಲತಾಣದಲ್ಲಿ ನೋಡಬಹುದು.

(ಈ) ಸಿ.ಎನ್.ಜಿ. ಇದ್ದಲ್ಲಿ ಅದು ನೋಂದಣಿ ಪ್ರಮಾಣಪತ್ರದಲ್ಲಿ ದಾಖಲಾಗಿರಬೇಕು. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ನಡೆದಿರಬೇಕು.

ಮಾರಿದವರು ನಮೂನೆ 29ರಲ್ಲಿಯೂ ಉಭಯರು ಸೇರಿ ನಮೂನೆ 30ರಲ್ಲಿಯೂ ಮಾರಾಟವನ್ನು ತಿಳಿಸಬೇಕು. 50ನೆಯ ಪ್ರಕರಣದಂತೆ, ಅದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳಲ್ಲಿ ತಿಳಿಸತಕ್ಕದ್ದು. ಕೊಂಡವರಿಗೆ 30 ದಿನಗಳ ಅವಧಿ ಇದೆ. ಸಹಿ ಮಾಡಿದ ಖಾಲಿ ನಮೂನೆಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ವರ್ಷಗಟ್ಟಲೆ ವಾಹನ ಓಡಿಸುವುದು ಉಭಯರಿಗೂ ಹಾನಿಕರ. ದಾಖಲೆಯಲ್ಲಿ ಹೆಸರಿರುವವರನ್ನೇ ಮಾಲೀಕರೆಂದು ಪರಿಗಣಿಸಿ ಅಪಘಾತದ ಪರಿಹಾರಕ್ಕೆ ಹೊಣೆ ಮಾಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿದೆ.

ವಿಮೆಯನ್ನೂ 14 ದಿನಗಳೊಳಗೆ ತಮ್ಮ ಹೆಸರಿಗೆ ಬದಲಾಯಿಸಲು ಕೊಂಡವರು ಅರ್ಜಿ ಸಲ್ಲಿಸಬೇಕು. ಮೂರನೆಯವರಿಗೆ ಆಗುವ ಹಾನಿಯ ವಿಮಾರಕ್ಷಣೆಯು ವಾಹನದೊಂದಿಗೆ ವರ್ಗವಾಗುತ್ತದೆ. ಸ್ವಂತ ವಾಹನದ ಹಾನಿಯ ರಕ್ಷಣೆಯು ತಾನಾಗಿ ವರ್ಗವಾಗುವುದಿಲ್ಲ. ಹೆಸರು ಬದಲಾಗದ ವ್ಯಾನು ಅಪಘಾತದಲ್ಲಿ ಜಖಂಗೊಂಡರೆ, ವಾಹನವೂ ಹೋಗಿ ಪರಿಹಾರವೂ ದೊರೆಯದ ಸ್ಥಿತಿ ಒದಗಬಹುದು.

4. ಬೇರೆ ರಾಜ್ಯದ ವಾಹನ

ಹೊರನಾಡ ಕನ್ನಡಿಗರಿಗೆ ಬೆಳಗಾವಿ, ಹುಬ್ಬಳ್ಳಿ ಅಥವಾ ಕಲಬುರಗಿಯಲ್ಲಿರುವ ಬಂಧುಗಳ ಮೂಲಕ ವ್ಯಾನು ಅಗ್ಗವಾಗಿ ದೊರೆಯುವ ಸಂದರ್ಭವುಂಟು. ಹಾಗೆ ಕೊಂಡಲ್ಲಿ ಮೂಲ ನೋಂದಣಿ ಕಚೇರಿಯಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಪಡೆಯಬೇಕು. ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿ ಇರಿಸಿದರೆ ಅಲ್ಲಿನ ಹೊಸ ಸಂಖ್ಯೆ ಪಡೆಯುವುದು ಕಡ್ಡಾಯ. ಅಲ್ಲಿನ ತೆರಿಗೆಯನ್ನೂ ಕಟ್ಟಬೇಕಾಗುತ್ತದೆ. ಈ ಖರ್ಚನ್ನು ಸೇರಿಸಿದ ಮೇಲೂ ಬೆಲೆ ಅಗ್ಗವೇ ಎಂದು ನೋಡಿ ಮುಂದುವರಿಯಬೇಕು.

ದೆಹಲಿಯ ಓದುಗರು ವಾಹನದ ವಯಸ್ಸಿನ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು. ಅಲ್ಲಿ 10 ವರ್ಷ ಮೀರಿದ ಡೀಸೆಲ್ ಮತ್ತು 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಓಟವನ್ನು ನಿರ್ಬಂಧಿಸಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ 2018ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆದೇಶಿಸಿದ್ದವು. 2025ರಲ್ಲಿ ನ್ಯಾಯಾಲಯವು ಈ ವಿಷಯದಲ್ಲಿ ಹೊಸ ಆದೇಶಗಳನ್ನು ನೀಡಿದೆ. ಕೊಳ್ಳುವ ದಿನದಂದು ಜಾರಿಯಲ್ಲಿರುವ ನಿಯಮವನ್ನು ಸಾರಿಗೆ ಕಚೇರಿಯಲ್ಲಿ ವಿಚಾರಿಸಿಯೇ ಹಣ ತೆರಬೇಕು.

5. ವಾಹನದ ಸ್ಥಿತಿ

ಹಗಲು ಬೆಳಕಿನಲ್ಲಿ, ಪರಿಚಿತ ಮೆಕ್ಯಾನಿಕ್‌ನೊಡನೆ ವಾಹನವನ್ನು ನೋಡಿ. ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಿ. ಬಿಸಿಯಾದ ಎಂಜಿನ್ ತನ್ನ ದೋಷವನ್ನು ಮರೆಮಾಚುತ್ತದೆ. ನೀಲಿ ಹೊಗೆಯು ಎಂಜಿನ್ ಆಯಿಲ್ ಉರಿಯುತ್ತಿರುವುದರ ಲಕ್ಷಣ. ಓಮ್ನಿ ಮತ್ತು ಈಕೋ ವ್ಯಾನುಗಳ ಎಂಜಿನ್ ಮುಂದಿನ ಆಸನಗಳ ಕೆಳಗಿರುವುದರಿಂದ ಆಸನವನ್ನು ಎತ್ತಿಸಿ ಪರೀಕ್ಷಿಸಬೇಕು.

ಮುಂಬಯಿ ಹಾಗೂ ಚೆನ್ನೈಗಳಲ್ಲಿ ಸಮುದ್ರದ ಉಪ್ಪುಗಾಳಿಯಿಂದ ತುಕ್ಕು ಬೇಗ ಹಿಡಿಯುತ್ತದೆ. ಮೇಲೆ ಹೊಸ ಬಣ್ಣವಿದ್ದರೂ ಒಳಹಾಸನ್ನು ಎತ್ತಿ ನೆಲದ ತಗಡನ್ನು, ಕೆಳಗೆ ಬಾಗಿ ಚೌಕಟ್ಟನ್ನು, ಜಾರುವ ಬಾಗಿಲಿನ ಕಂಬಿಯನ್ನು ನೋಡತಕ್ಕದ್ದು. ದಿನವೂ ನೀರು ಚೆಲ್ಲುವ ಈ ಉದ್ಯೋಗದಲ್ಲಿ ತುಕ್ಕು ಹಿಡಿದ ನೆಲವು ತೊಟ್ಟಿಯ ಭಾರವನ್ನು ಬಹುಕಾಲ ತಾಳಲಾರದು. ಹಿಂದಿನ ಸ್ಪ್ರಿಂಗ್‌ಗಳು ಕುಗ್ಗಿ ವಾಹನ ಒಂದು ಪಕ್ಕಕ್ಕೆ ವಾಲಿದ್ದರೆ ಹಿಂದಿನವರು ಅತಿಭಾರ ಹೇರಿದ್ದರೆಂದು ಶಂಕಿಸಬಹುದು. ಟೈರಿನ ಮೇಲಿನ ನಾಲ್ಕು ಅಂಕಿಗಳು ಅದರ ವಯಸ್ಸನ್ನು ಹೇಳುತ್ತವೆ: 2319 ಎಂದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಕೊನೆಯದಾಗಿ, ಒಂದಿಷ್ಟು ಭಾರ ಹೇರಿ, ಏರುರಸ್ತೆಯಲ್ಲಿ ಓಡಿಸಿ ಬ್ರೇಕ್ ಮತ್ತು ಕ್ಲಚ್ಚನ್ನು ಪರೀಕ್ಷಿಸಬೇಕು.

6. ಬೆಲೆಯ ವಿವೇಚನೆ

ಬೆಲೆಯನ್ನು ಉಳಿದ ಆಯುಸ್ಸಿನೊಡನೆ ತೂಗಿ ನೋಡಬೇಕು. ಒಂದು ವ್ಯಾನಿನ ಬೆಲೆ ರೂ. 1,60,000, ದುರಸ್ತಿ ರೂ. 50,000, ಉಳಿದ ಬಳಕೆ 3 ವರ್ಷವೆಂದು ಭಾವಿಸೋಣ. ಇನ್ನೊಂದರ ಬೆಲೆ ರೂ. 2,40,000, ದುರಸ್ತಿ ರೂ. 20,000, ಉಳಿದ ಬಳಕೆ 8 ವರ್ಷವಿರಲಿ. ಮೊದಲನೆಯದಕ್ಕೆ ತಿಂಗಳಿಗೆ ಸುಮಾರು ರೂ. 5,833 ಬೀಳುತ್ತದೆ, ಎರಡನೆಯದಕ್ಕೆ ಸುಮಾರು ರೂ. 2,708 ಮಾತ್ರ. ಅಗ್ಗವೆಂದು ತೋರಿದ ವ್ಯಾನೇ ಇಲ್ಲಿ ದುಬಾರಿ. ಈ ಅಂಕಿಗಳು ಕೇವಲ ಉದಾಹರಣೆಗಾಗಿ ನೀಡಿದವು.

ಸಾಲ ಬೇಕಾದವರು 2015ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮುದ್ರಾ ಯೋಜನೆಯ ಬಗ್ಗೆ ಹತ್ತಿರದ ಬ್ಯಾಂಕಿನಲ್ಲಿ ವಿಚಾರಿಸಬಹುದು. ಇದರ ಕಿಶೋರ ವರ್ಗದಲ್ಲಿ ರೂ. 50,000ಕ್ಕಿಂತ ಮೇಲ್ಪಟ್ಟು ರೂ. 5 ಲಕ್ಷದವರೆಗೆ ಸಾಲಕ್ಕೆ ಅವಕಾಶವಿದೆ.

ಅಭ್ಯಾಸ

1. ನಿಮ್ಮ ಸಲಕರಣೆ, ನೀರು ಮತ್ತು ಕೆಲಸಗಾರರ ತೂಕವನ್ನು ಕೂಡಿಸಿ ಒಂದು ಹಾಳೆಯಲ್ಲಿ ಬರೆಯಿರಿ.

2. ನೀವು ನೋಡಿರುವ ವ್ಯಾನಿನ ಒಟ್ಟು ತೂಕದಿಂದ ಬರಿ ತೂಕವನ್ನು ಕಳೆಯಿರಿ. ಉಳಿಯುವ ಅಂಕಿಯು ಮೇಲಿನ ಹೊರೆಗಿಂತ ಹೆಚ್ಚಿದೆಯೇ?

3. ಅದರ ನೋಂದಣಿ, ವಿಮೆ ಮತ್ತು ಎಫ್.ಸಿ. ಯಾವ ದಿನಾಂಕಗಳಂದು ಮುಗಿಯುತ್ತವೆ?

ಈ ಮೂರಕ್ಕೂ ತೃಪ್ತಿಕರ ಉತ್ತರ ದೊರೆತ ಬಳಿಕವಷ್ಟೇ ಮಾರುವವರೊಡನೆ ಬೆಲೆಯ ಮಾತನ್ನು ಆರಂಭಿಸಿರಿ.